ನಲವತ್ತೈದು, ಅಳಿಸಿ, ನಾಲ್ಕೂವರೆ

"ಹತ್ತನೇ ಸಲವೂ ಸರಿಯಾಗೇ ಬಂತು ಮೇಡಂ. ಇನ್ನೂ ನೋಡ್ಬೇಕಾ?"

ಔಷಧದ ಪಂಪು ತಯಾರಿಸುವ ಕಂಪನಿಯ ಮುಖ್ಯ ಎಂಜಿನಿಯರ್ ಪಂಪಿನ ಗುಂಡಿಗಳ ಮೇಲಿಂದ ಬೆರಳು ತೆಗೆದ. ಕೊಳವೆಯ ತುದಿಯಲ್ಲಿ ತೂಗಾಡುತ್ತಿದ್ದ ಹನಿಯೊಂದು ಕೊನೆಗೂ ಮನಸ್ಸು ಮಾಡಿ ಅಳತೆಯ ಗಾಜಿಗೆ ಬಿತ್ತು.

ತಕ್ಕಡಿಯಮ್ಮ ಮೇಜಿನ ಮುಂದೆ ಬಗ್ಗಿ, ನೀರಿನ ಮಟ್ಟಕ್ಕೆ ಕಣ್ಣು ಸಮ ಮಾಡಿ ನೋಡಿದರು. ಆರು ನಿಮಿಷಕ್ಕೆ ಅರ್ಧ ಮಿಲಿಗಿಂತ ಕೂದಲೆಳೆಯಷ್ಟು ಕಡಿಮೆ. ಗಂಟೆಗೆ ನಾಲ್ಕೂವರೆ ಮಿಲಿ ಎಂದು ಒತ್ತಿದರೆ ಬರಬೇಕಾದದ್ದೂ ಅಷ್ಟೇ. ಒಂದು ಗಂಟೆಯಿಂದ ಈ ಪಂಪು ಸತ್ಯಹರಿಶ್ಚಂದ್ರನ ಹಾಗೆ ನಡೆದುಕೊಳ್ಳುತ್ತಿತ್ತು.

ಹನ್ನೆರಡು ದಿನದ ಹಿಂದೆ, ಇದೇ ಕಂಪನಿಯ ಇಂಥದೇ ಪಂಪು, ಪರದೆಯ ಮೇಲೆ ನಾಲ್ಕೂವರೆ ತೋರಿಸುತ್ತಲೇ ನಲವತ್ತೈದರ ವೇಗದಲ್ಲಿ ಔಷಧವನ್ನು ನರಕ್ಕೆ ನೂಕಿತ್ತು. ಆಸ್ಪತ್ರೆಯ ಮೂರನೇ ಹಾಸಿಗೆಯಲ್ಲಿದ್ದ ನಿವೃತ್ತ ಮೇಟ್ರನ್ ಸತ್ತುಹೋದರು. ಚಾರ್ಟಿನಲ್ಲಿ ಸಹಿ ಇದ್ದದ್ದು ತಕ್ಕಡಿಯಮ್ಮನ ಅಣ್ಣನ ಮಗಳದು.

ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣಾ ಸಮಿತಿ ಕೂರುತ್ತದೆ. ತಪ್ಪು ಕೈಯದು ಎಂದು ಅವರು ಬರೆದರೆ ಹುಡುಗಿಯ ನರ್ಸ್ ಲೈಸೆನ್ಸ್ ಹೋಗುತ್ತದೆ, ಕಾಗದಗಳು ಪೊಲೀಸರ ಕೈಗೆ ಸೇರುತ್ತವೆ. ಹುಟ್ಟಿದ ವರ್ಷವೇ ತಾಯಿಯನ್ನು ಕಳೆದುಕೊಂಡ ಆ ಮಗುವನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದು ಈ ಅತ್ತೆಯೇ. ಹೊಟ್ಟೆಯಲ್ಲಿ ಹುಟ್ಟಿದ್ದರೂ ಇದಕ್ಕಿಂತ ಹೆಚ್ಚು ಸಂಕಟವಾಗುತ್ತಿರಲಿಲ್ಲ.

"ಇನ್ನೊಂದೇ ಒಂದು ಸಲ," ಎಂದರು ತಕ್ಕಡಿಯಮ್ಮ. "ನಿಮ್ಮ ಬೆರಳು ತುಂಬಾ ಸಾವಧಾನದ್ದು. ಈ ಸಲ ನಾನೇ ಒತ್ತಲಾ?"

ಎಂಜಿನಿಯರ್ ನಕ್ಕ. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಬಟ್ಟೆಯ ಚೀಲ, ಚೀಲದಿಂದ ತೆಗೆದಿಟ್ಟ ತನ್ನದೇ ಅಳತೆಯ ಗಾಜು. ಒತ್ತಿ ಎನ್ನುವಂತೆ ಕೈ ಚಾಚಿದ.

ಅವನಿಗೆ ಗೊತ್ತಿರಲಿಲ್ಲ. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು ಅವರು. ಸಾವಿರಾರು ತಕ್ಕಡಿಗಳ ಹೊಟ್ಟೆ ಬಿಚ್ಚಿ ನೋಡಿ, ಸರಿಯಿದ್ದರೆ ಮೊಹರು ಹಾಕಿ, ಅಂಕಿಗಳನ್ನು ಲೆಕ್ಕದ ಯಂತ್ರದಲ್ಲಿ ಬಡಿದು ಬಡಿದು ಅವರ ಬೆರಳುಗಳಿಗೆ ಕಣ್ಣೇ ಬೇಕಿರಲಿಲ್ಲ. ಅಂಗಡಿಯವರು ಹೆದರಿಕೆಯಿಂದ ಇಟ್ಟ ಹೆಸರು ತಕ್ಕಡಿಯಮ್ಮ. ನಿವೃತ್ತಿಯ ಮೇಲೂ ಮೋಸಹೋದವರು ಮನೆ ಹುಡುಕಿಕೊಂಡು ಬಂದದ್ದರಿಂದ ಪತ್ತೇದಾರಿಕೆ ತಾನಾಗಿ ಗಂಟುಬಿದ್ದಿತ್ತು.

ನಾಲ್ಕು, ಐದು. ಅಳಿಸು, ಅಳಿಸು. ನಾಲ್ಕು, ಚುಕ್ಕೆ, ಐದು. ಶುರು.

ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಪಂಪು ಮೂರು ಸಲ ಚಿಕ್ಕದಾಗಿ, ನಾಲ್ಕನೇ ಸಲ ಉದ್ದಕ್ಕೆ ಕೂಗಿತು. ಪರದೆಯ ಮೇಲೆ ಹಸಿರು ಬಣ್ಣದಲ್ಲಿ ನಾಲ್ಕೂವರೆ ಮೂಡಿತು.

ಹನಿ ಬೀಳತೊಡಗಿತು. ಒಂದು, ಎರಡು, ಮೂರು. ಎಂಜಿನಿಯರ್ ಕುರ್ಚಿಗೆ ಒರಗಿದ್ದವನು ನೆಟ್ಟಗೆ ಕೂತ. ಹನಿಗಳ ನಡುವೆ ಸಂದೇ ಇರಲಿಲ್ಲ.

ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಆರು ಸುತ್ತು ಮುಗಿಸಿದಾಗ ಗಾಜಿನಲ್ಲಿ ನೀರು ನಾಲ್ಕೂವರೆ ಮಿಲಿಯ ಗೆರೆ ಮುಟ್ಟಿತ್ತು. ಬರಬೇಕಾದದ್ದರ ಹತ್ತು ಪಟ್ಟು.

"ಈಗ ಹೇಳಿ," ಎಂದರು ತಕ್ಕಡಿಯಮ್ಮ. "ಪರದೆ ನಾಲ್ಕೂವರೆ ಅನ್ನುತ್ತೆ, ನೀರು ನಲವತ್ತೈದು ಅನ್ನುತ್ತೆ. ನಾನು ಯಾರನ್ನ ನಂಬಲಿ?"

ಎಂಜಿನಿಯರ್ ಪಂಪಿನ ಹಿಂದೆ ಮುಂದೆ ನೋಡಿದ. ಮುಖ ಬಿಳುಚಿಕೊಂಡಿತ್ತು. ನಟನೆಯಲ್ಲ, ಆತನಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂದು ತಕ್ಕಡಿಯಮ್ಮನಿಗೆ ಖಾತ್ರಿಯಾಯಿತು. ಕಳ್ಳ ಅಂಗಡಿಯವರ ಮುಖವನ್ನು ಅವರು ಬೇಕಾದಷ್ಟು ನೋಡಿದ್ದರು.

"ನಾವು ಸಾವಿರ ಸಲ ಪರೀಕ್ಷೆ ಮಾಡಿದ್ದೀವಿ ಮೇಡಂ."

"ಒಂದೇ ಬೆರಳಲ್ಲಿ, ನಿಧಾನವಾಗಿ, ಕೂತ್ಕೊಂಡು ಮಾಡಿರ್ತೀರಿ. ಹದಿನೆಂಟು ಹಾಸಿಗೆ ನೋಡ್ಕೊಳ್ಳೋ ಸಿಸ್ಟರ್ ಹಾಗೆ ಒತ್ತೋದಿಲ್ಲ. ನಾಲ್ಕು ಸೆಕೆಂಡಿನ ಒಳಗೆ ಅಳಿಸಿ ಬರೆದ್ರೆ ನಿಮ್ಮ ಪಂಪಿನ ಹೊಟ್ಟೇಲಿ ಹಳೇ ಅಂಕಿ ಹಾಗೇ ಉಳಿಯುತ್ತೆ, ಪರದೆ ಮಾತ್ರ ಬದಲಾಗುತ್ತೆ. ಹೊಸಬರ ಕೈಯಲ್ಲಿ ಈ ತಪ್ಪು ಆಗೋದೇ ಇಲ್ಲ. ಚೆನ್ನಾಗಿ ಪಳಗಿದವರ ಕೈಯಲ್ಲೇ ಆಗೋದು."

"ಇದು ನಿಮಗೆ ಹೇಗೆ ಗೊತ್ತು?" ಎಂಜಿನಿಯರ್ ದನಿ ಗಟ್ಟಿಯಾಯಿತು. "ನಮ್ಮ ಸಾಫ್ಟ್‌ವೇರ್ ಕಂಪನಿಯ ಸ್ವತ್ತು. ಕೋಡ್ ಹೊರಗಿನವರು ಯಾರೂ ನೋಡಿಲ್ಲ. ನೋಡೋಕೂ ಆಗಲ್ಲ."

ತಕ್ಕಡಿಯಮ್ಮ ಚೀಲದಿಂದ ಪಿನ್ ಹೊಡೆದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮದನ್ನ ನೋಡಿಲ್ಲ. ಇದನ್ನ ನೋಡಿದೆ. ಔಷಧದ ಪಂಪಿಗೇ ಅಂತ ಯಾರೋ ಪುಣ್ಯಾತ್ಮರು ಬರೆದು ಊರಿಗೆಲ್ಲ ಬಿಟ್ಟುಕೊಟ್ಟಿರೋ ಪ್ರೋಗ್ರಾಂ. ಓಪನ್ ಸೋರ್ಸ್ ಅಂತಾರಲ್ಲ, ಅದು. ಯಾರು ಬೇಕಾದ್ರೂ ಓದಬಹುದು, ತಗೊಳ್ಳಬಹುದು, ತಿದ್ದಬಹುದು. ಷರತ್ತು ಎರಡೇ. ಬರೆದವರ ಹೆಸರು ಅಳಿಸಬಾರದು, ತಿದ್ದಿದ್ದನ್ನೂ ಹಾಗೇ ತೆರೆದಿಡಬೇಕು."

"ಅದಕ್ಕೂ ನಮಗೂ ಏನು ಸಂಬಂಧ?"

"ಶುರು ಗುಂಡಿ ಇನ್ನೊಂದ್ಸಲ ಒತ್ತಿ."

ಆತ ಒತ್ತಿದ. ಮೂರು ಗಿಡ್ಡ ಕೂಗು, ಒಂದು ಉದ್ದ ಕೂಗು.

"ಈ ಕೂಗು ಯಾಕೆ ಹೀಗಿದೆ?"

"ಯಾಕೆ ಅಂದ್ರೆ? ಇದೆ, ಅಷ್ಟೇ. ನಾನು ಸೇರೋ ಮೊದಲಿಂದಲೂ ಇದೆ."

"ಈ ಪ್ರೋಗ್ರಾಂ ಬರೆದವರು ಕೋಡಿನ ಪಕ್ಕದಲ್ಲೇ ಕಾರಣ ಬರೆದಿಟ್ಟಿದ್ದಾರೆ. ಅವರ ಅಪ್ಪನಿಗೆ ಕಿವಿ ಮಂದವಂತೆ. ಗಿಡ್ಡ ಕೂಗು ಕೇಳಿಸ್ತಿರಲಿಲ್ಲವಂತೆ. ಅದಕ್ಕೇ ಕೊನೇದನ್ನ ಉದ್ದ ಮಾಡಿದ್ರು. ಆ ಅಪ್ಪ ನಿಮ್ಮ ಡಬ್ಬಿಯೊಳಗೆ ಹೇಗೆ ಬಂದು ಕೂತ್ರು?"

ಎಂಜಿನಿಯರ್ ಎದ್ದು ಹೋಗಿ ಬಾಗಿಲು ಹಾಕಿ ಬಂದ.

ಇಬ್ಬರಿಗೂ ತಿಳಿದದ್ದನ್ನು ಜೋಡಿಸಿದರೆ ಕಥೆ ಸರಳವಾಗಿತ್ತು. ಐದು ವರ್ಷದ ಹಿಂದೆ ಕಂಪನಿಯಲ್ಲಿ ಯಾರೋ ಆ ಪ್ರೋಗ್ರಾಮನ್ನು ಇಡಿಯಾಗಿ ಎತ್ತಿಕೊಂಡು, ಹೆಸರು ಅಳಿಸಿ, ಬೀಗ ಹಾಕಿ, ತಮ್ಮದೆಂದು ಮಾರಿದ್ದರು. ನಾಲ್ಕು ವರ್ಷದ ಹಿಂದೆ ಮೂಲದಲ್ಲಿದ್ದ ತಪ್ಪು ಸಿಕ್ಕಿ, ಅಲ್ಲಿ ಅದನ್ನು ತಿದ್ದಿ, ತಿದ್ದಿದ್ದೇವೆ ಎಂದು ಜಗತ್ತಿಗೆಲ್ಲ ಸಾರಿದ್ದರು. ಬೀಗ ಹಾಕಿಕೊಂಡ ಮನೆಗೆ ಆ ಸುದ್ದಿ ಮುಟ್ಟಲಿಲ್ಲ. ಕದ್ದ ಮಾಲಿನ ತಪ್ಪನ್ನು ಮೂಲದವರ ಹತ್ತಿರ ಕೇಳಲು ಯಾರಿಗೆ ಮುಖ ಇರುತ್ತದೆ?

"ಸರಿ," ಎಂದ ಎಂಜಿನಿಯರ್. "ಕಂಪನಿ ತಪ್ಪು ಮಾಡಿರಬಹುದು. ಆದ್ರೆ ಬೀಗ ಹಾಕಿದ್ದು ತಪ್ಪಲ್ಲ ಮೇಡಂ. ನನ್ನ ತಾಯಿಗೂ ಇಂಥದೇ ಪಂಪು ಹಾಕಿದ್ರು. ಅದರ ಒಳಗೆ ಏನಿದೆ ಅಂತ ಬೀದೀಲಿ ಹೋಗೋ ದಾಸಯ್ಯನೂ ಓದಬಹುದು ಅಂದಿದ್ರೆ ನನಗೆ ನಿದ್ದೆ ಬರ್ತಿರಲಿಲ್ಲ. ಬಾಗಿಲು ತೆಗೆದಿಟ್ಟ ಮನೆಗೆ ನೆಂಟರು ಮಾತ್ರ ಬರ್ತಾರಾ?"

"ತಕ್ಕಡಿಗೆ ಮೊಹರು ಹಾಕೋರು ಯಾರು ಗೊತ್ತಾ ನಿಮಗೆ? ಅಂಗಡಿಯವನಲ್ಲ. ಒಳಗೆಲ್ಲ ಬಿಚ್ಚಿ ನೋಡಿ, ತೂಕ ಇಟ್ಟು ನೋಡಿ, ಆಮೇಲೆ ನಾವು ಹಾಕ್ತಿದ್ವಿ. ನೀವು ಯಾರಿಗೂ ತೋರಿಸದೆ ನೀವೇ ಮೊಹರು ಹಾಕ್ಕೊಂಡು, ನಂಬಿ ಅಂತೀರಿ. ನಂಬಿದವರು ಮೂರನೇ ಹಾಸಿಗೇಲಿ ಸತ್ತುಹೋದ್ರು."

ಆತನ ಮುಖ ಕಪ್ಪಿಟ್ಟಿತು. ಡ್ರಾಯರ್ ಎಳೆದು ಒಂದು ಕಾಗದ ತೆಗೆದ.

"ವಾರ್ಡಿನ ಪಂಪಿನ ದಾಖಲೆ. ಒತ್ತಿದ ಪ್ರತಿ ಗುಂಡಿಯೂ ಹೊತ್ತಿನ ಸಮೇತ ಒಳಗೆ ದಾಖಲಾಗುತ್ತೆ. ಇದನ್ನ ಕೊಡಬೇಡಿ ಅಂತ ನಮ್ಮ ವಕೀಲರು ಹೇಳಿದ್ರು. ಓದ್ತೀನಿ, ಕೇಳಿ. ಬೆಳಿಗ್ಗೆ ಹನ್ನೊಂದು ಗಂಟೆ ಹದಿನಾಲ್ಕು ನಿಮಿಷ. ನಲವತ್ತೈದು, ಅಳಿಸಿ, ನಾಲ್ಕೂವರೆ. ಒಟ್ಟು ಮೂರು ಸೆಕೆಂಡ್."

ಮೂರು ಸೆಕೆಂಡ್. ತಕ್ಕಡಿಯಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟರು. ಹನ್ನೆರಡು ದಿನದಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಯಿತು. ಹುಡುಗಿ ಅವಸರದಲ್ಲಿ ಚುಕ್ಕೆ ಬಿಟ್ಟಳು, ತಕ್ಷಣ ಗೊತ್ತಾಗಿ ಅಳಿಸಿದಳು, ಸರಿಯಾದದ್ದನ್ನೇ ಒತ್ತಿದಳು. ಕೈ ತಿದ್ದಿಕೊಂಡಿತ್ತು, ಯಂತ್ರ ತಿದ್ದಿಕೊಳ್ಳಲಿಲ್ಲ. ಬೀಗದ ಒಳಗೆ ಏನಿದೆ ಎಂದು ಅವಳಿಗೆ ಕನಸು ಬೀಳಬೇಕಿತ್ತೇ?

ಎಂಜಿನಿಯರ್ ಮೇಜಿನ ಮೇಲಿದ್ದ ಹಾಳೆಗಳನ್ನು ಎತ್ತಿಕೊಂಡಿದ್ದ. ಮೊದಲನೆಯದನ್ನು ಓದಿ ಮುಗಿಸಿ, ಎರಡನೆಯದಕ್ಕೆ ತಿರುವಿದ. ಅದನ್ನು ತಕ್ಕಡಿಯಮ್ಮ ಓದಿರಲಿಲ್ಲ. ಬೇಕಾದದ್ದು ಮೊದಲ ಹಾಳೆಯಲ್ಲೇ ಸಿಕ್ಕಿದ ಖುಷಿಯಲ್ಲಿ ಮಡಚಿ ಚೀಲಕ್ಕೆ ಹಾಕಿಕೊಂಡಿದ್ದರು. ಮೂವತ್ತನಾಲ್ಕು ವರ್ಷದಲ್ಲಿ ಕೊನೆಯ ಸಾಲು ಓದದೆ ಒಂದು ಕಾಗದಕ್ಕೂ ಸಹಿ ಹಾಕದವರು.

"ನೋಡಿದ್ರಾ," ಎಂದ ಎಂಜಿನಿಯರ್. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ, ಒಂಥರಾ ಭಯವಿತ್ತು. "ನಾನು ಹೇಳಿದ್ದು ಇದನ್ನೇ. ಮೊದಲ ಹಾಳೇಲಿ ಇದ್ದದ್ದನ್ನೇ ಇಲ್ಲಿ ಇನ್ನೂ ಬಿಡಿಸಿ, ಎಷ್ಟು ಸೆಕೆಂಡಿನೊಳಗೆ, ಯಾವ ಅಂಕಿ ಒತ್ತಿ, ಏನು ಅಳಿಸಿದ್ರೆ ಹತ್ತು ಪಟ್ಟು ಔಷಧ ಹೋಗುತ್ತೆ ಅಂತ ಅಡುಗೆ ಹೇಳಿಕೊಟ್ಟ ಹಾಗೆ ಬರೆದಿದ್ದಾರೆ. ಇದನ್ನ ಓದಿದವರು ಯಾರು ಬೇಕಾದ್ರೂ ಕೈಗೆ ಕೆಸರು ಹತ್ತದ ಹಾಗೆ ಒಬ್ಬರನ್ನ ಕೊಲ್ಲಬಹುದು. ಪರದೆ ಮೇಲೆ ಸರಿಯಾದ ಅಂಕಿಯೇ ಇರುತ್ತೆ."

"ಸಿಸ್ಟರುಗಳು ಇದನ್ನೆಲ್ಲ ಓದೋದಿಲ್ಲ."

"ಓದೋದಿಲ್ವಾ? ಕಂಡುಹಿಡಿದದ್ದೇ ಒಬ್ಬ ಸಿಸ್ಟರ್ ಅಂತೆ. ಇವರಲ್ಲಿ ತಪ್ಪು ತೋರಿಸಿಕೊಟ್ಟವರಿಗೆ ಕೊನೇಲಿ ನಮಸ್ಕಾರ ಹೇಳೋ ಪದ್ಧತಿ ಇದೆ." ಆತ ಹಾಳೆಯನ್ನು ಬೆಳಕಿಗೆ ಹಿಡಿದ. "'ಈ ದೋಷವನ್ನು ಮೊದಲು ಗಮನಿಸಿ, ನೀರು ಅಳೆದು ನಮಗೆ ತೋರಿಸಿಕೊಟ್ಟ ಆಸ್ಪತ್ರೆಯ ಶುಶ್ರೂಷಕಿಗೆ ಕೃತಜ್ಞತೆಗಳು. ತಮ್ಮ ಹೆಸರು ಬೇಡವೆಂದ ಕಾರಣ ಅವರು ಕೊಟ್ಟ ಅಡ್ಡಹೆಸರನ್ನೇ ಬರೆದಿದ್ದೇವೆ: ಅರೆಪಾವು.'"

ಆತ ತಲೆ ಎತ್ತಿದ. "ಅರೆಪಾವು! ಇದೆಂಥ ಹೆಸರು ಮೇಡಂ?"

ತಕ್ಕಡಿಯಮ್ಮ ಅಳತೆಯ ಗಾಜನ್ನು ಎತ್ತಿಕೊಂಡರು. ಒಂದಿಷ್ಟು ನೀರು ಮೇಜಿನ ಮೇಲೆ ಚೆಲ್ಲಿತು. ಸೆರಗಿನಿಂದ ಒರೆಸಿದರು.

"ಹಳೇ ಕಾಲದ ಅಳತೆ," ಎಂದರು. "ಪಾವಿನಲ್ಲಿ ಅರ್ಧ."

"ಈ ಅರೆಪಾವು ಈಗ ಯಾವ ಆಸ್ಪತ್ರೇಲಿದ್ದಾರೋ ಹುಡುಕಬೇಕು. ನಾಳೆ ಸಮಿತಿ ಮುಂದೆ ನಾನೂ ಇದನ್ನ ಇಡ್ತೀನಿ. ನೀವು ಮೊದಲ ಹಾಳೆ ಇಡಿ, ನಾನು ಎರಡನೇದು ಇಡ್ತೀನಿ."

ಫೋನು ತೆಗೆದು ಆತ ಎರಡೂ ಹಾಳೆಗಳ ಚಿತ್ರ ಹಿಡಿದುಕೊಂಡ.

ಕಂಪನಿಯ ಗೇಟಿನಿಂದ ನರ್ಸುಗಳ ವಸತಿಗೆ ಇಪ್ಪತ್ತು ನಿಮಿಷದ ದಾರಿ. ತಕ್ಕಡಿಯಮ್ಮ ನಡೆದೇ ಹೊರಟರು. ಬಸ್ಸಿನಲ್ಲಿ ಕೂತರೆ ಬೇಗ ತಲುಪಿಬಿಡುತ್ತೇನೆ ಎಂಬ ಹೆದರಿಕೆ.

ಆ ಹೆಸರು ಇಟ್ಟವರು ಅವರೇ. ಅವಧಿಗೆ ಮೊದಲೇ ಹುಟ್ಟಿದ ಮಗು, ಅಂಗೈಯಗಲ ಇತ್ತು. ತೊಟ್ಟಿಲಿಗೆ ಹಾಕುತ್ತಾ, ಇದು ಸೇರೂ ಅಲ್ಲ ಪಾವೂ ಅಲ್ಲ, ಅರೆಪಾವು ಕಣಣ್ಣಾ ಎಂದಿದ್ದರು. ಅಣ್ಣ ಅಳುವಿನ ನಡುವೆಯೂ ನಕ್ಕಿದ್ದ. ಅಣ್ಣ ಈಗಿಲ್ಲ. ಆ ಹೆಸರನ್ನು ಬಲ್ಲವರು ಜಗತ್ತಿನಲ್ಲಿ ಇಬ್ಬರೇ. ನೀರು ಅಳೆದು ನೋಡುವುದನ್ನು ಆ ಮಗುವಿಗೆ ಕಲಿಸಿದವರೂ ಈ ಅತ್ತೆಯೇ. ಆಟದ ಸಾಮಾನಿನ ಬದಲು ಇಲಾಖೆಯ ಹಳೆಯ ಗಾಜುಗಳನ್ನು ಕೊಟ್ಟು ಕೂರಿಸುತ್ತಿದ್ದರು.

ಹಾಳೆಯನ್ನು ಹರಿದು ಹಾಕಬಹುದಿತ್ತು. ಏನು ಪ್ರಯೋಜನ? ಮೂಲ ಊರೆಲ್ಲ ಓದುವಂತೆ ತೆರೆದಿದೆ. ಅರೆಪಾವು ಯಾರೆಂದು ಮಾತ್ರ ಯಾರಿಗೂ ತಿಳಿಯದು, ಅತ್ತೆ ಬಾಯಿ ಬಿಡದಿದ್ದರೆ. ಒಂದು ಕಳ್ಳ ತಕ್ಕಡಿಗೂ ಮೊಹರು ಹಾಕದ ಕೈ ಇದು. ಈಗ ಬಾಯಿಗೆ ಹಾಕಿಕೊಳ್ಳಬೇಕೇ?

ಇನ್ನೊಂದು ಆಸೆ ಉಳಿದಿತ್ತು. ಹುಡುಗಿ ತಪ್ಪು ಕಂಡುಹಿಡಿದದ್ದು ನಾಲ್ಕು ವರ್ಷದ ಹಿಂದೆ, ಇಲ್ಲಿಗೆ ಬರುವ ಮೊದಲು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ, ಆ ಓಪನ್ ಸೋರ್ಸ್ ಪಂಪಿನಲ್ಲಿ. ಇಲ್ಲಿಯದು ಬೇರೆ ಕಂಪನಿ, ಬೇರೆ ಡಬ್ಬಿ, ಮೇಲೆ ಬೀಗ. ಎರಡರ ಹೊಟ್ಟೆಯೂ ಒಂದೇ ಎಂದು ಅವಳಿಗೆ ತಿಳಿದಿರಲಾರದು. ತಿಳಿಯದಿದ್ದರೆ ಅದು ಅವಘಡ. ತಿಳಿದಿದ್ದರೆ?

ಆ ಹಿಂದಿನ ಆಸ್ಪತ್ರೆಯ ಮೇಟ್ರನ್ನೇ ಮೂರನೇ ಹಾಸಿಗೆಯಲ್ಲಿ ಸತ್ತದ್ದು. ಇದುವರೆಗೆ ಎಲ್ಲರೂ ಅದನ್ನು ವಿಧಿಯಾಟ ಎಂದುಕೊಂಡಿದ್ದರು. ತಕ್ಕಡಿಯಮ್ಮನೂ.

ಹುಡುಗಿ ನಾಳೆಗೆಂದು ಬಿಳಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಸಂಜೆಯ ಬಿಸಿಲು ಕಿಟಕಿಯಿಂದ ಮಂಚದ ಮೇಲೆ ಬಿದ್ದಿತ್ತು. ಅತ್ತೆಯನ್ನು ಕಂಡು ಮುಖ ಅರಳಿತು.

"ಬಂದ್ರಾ ಅತ್ತೆ! ಏನಾಯ್ತು? ಪಂಪು ಒಪ್ಪಿಕೊಳ್ತಾ?"

"ಒಪ್ಪಿಕೊಳ್ತು. ಇಸ್ತ್ರಿ ಪೆಟ್ಟಿಗೆ ಆರಿಸು ಮಗಾ."

ದನಿ ಕೇಳಿಯೇ ಹುಡುಗಿಗೆ ಏನೋ ಆಗಿದೆ ಎಂದು ಗೊತ್ತಾಯಿತು. ಸ್ವಿಚ್ ಆರಿಸಿದಳು. ತಕ್ಕಡಿಯಮ್ಮ ಎರಡನೇ ಹಾಳೆಯನ್ನು ಇಸ್ತ್ರಿಯಾದ ಬಟ್ಟೆಯ ಮೇಲಿಟ್ಟು ಕೊನೆಯ ಸಾಲಿಗೆ ಬೆರಳಿಟ್ಟರು.

ಹುಡುಗಿ ಓದಿದಳು. ಮುಖದ ಬಣ್ಣ ಇಳಿದುಹೋಯಿತು.

"ಹೆಸರು ಹಾಕಬೇಡಿ ಅಂದಿದ್ದೆ," ಎಂದಳು ಮೆಲ್ಲಗೆ. "ಮೇಟ್ರನ್ ಕಣ್ಣಿಗೆ ಬಿದ್ರೆ ಅಂತ."

"ಅವರು ಏನು ಮಾಡಿದ್ರು ನಿನಗೆ?"

"ಮೊದಲು ಅವರಿಗೇ ಹೇಳಿದ್ದೆ ಅತ್ತೆ. ಪಂಪಿನಲ್ಲಿ ತಪ್ಪಿದೆ, ನೀರು ಅಳೆದು ನೋಡಿದ್ದೀನಿ ಅಂತ. ಯಂತ್ರ ತಪ್ಪೋದಿಲ್ಲ, ಕೈ ತಪ್ಪುತ್ತೆ ಅಂದ್ರು. ನನ್ನ ಕೈ ಚುರುಕಿಲ್ಲ ಅಂತ ಫೈಲಿನಲ್ಲಿ ಬರೆದು ಕೆಲಸದಿಂದ ಕಳಿಸಿದ್ರು. ದೂರ ಆಗುತ್ತೆ ಅಂತ ಬಿಟ್ಟೆ ಅಂತ ನಿಮಗೆ ಸುಳ್ಳು ಹೇಳಿದೆ. ನಿಮ್ಮ ಮನಸ್ಸಿಗೆ ಬೇಜಾರಾಗುತ್ತೆ ಅಂತ."

ತಕ್ಕಡಿಯಮ್ಮ ಮಂಚದ ಅಂಚಿನಲ್ಲಿ ಕೂತರು. ಕೇಳಲೇಬೇಕಾದ ಪ್ರಶ್ನೆಯೊಂದು ಉಳಿದಿತ್ತು. ಬೇರೆ ಯಾರ ಮಗಳಾಗಿದ್ದರೂ ಇಷ್ಟು ಹೊತ್ತಿಗೆ ಕೇಳಿ ಆಗಿರುತ್ತಿತ್ತು.

"ಈಗ ನಿಜ ಹೇಳು. ಇಲ್ಲಿರೋ ಪಂಪಿನಲ್ಲೂ ಅದೇ ತಪ್ಪಿದೆ ಅಂತ ನಿನಗೆ ಗೊತ್ತಿತ್ತಾ?"

ಇಲ್ಲ ಅನ್ನು ಮಗಳೇ. ಒಂದೇ ಒಂದು ಸಲ ಇಲ್ಲ ಅಂದುಬಿಡು.

"ಗೊತ್ತಿತ್ತು," ಎಂದಳು ಹುಡುಗಿ. "ಮೊದಲ ದಿನ ಆ ಉದ್ದ ಕೂಗು ಕೇಳಿದಾಗಲೇ ಅನುಮಾನ ಬಂತು. ಊಟದ ಬಿಡುವಲ್ಲಿ ನೀರು ಹಿಡಿದು ನೋಡಿದೆ. ಅದೇ ತಪ್ಪು. ಇಲ್ಲಿನ ದೊಡ್ಡವರಿಗೆ ಹೇಳಿದೆ. ಕಂಪನಿಯ ಮೊಹರಿದೆ, ನೀನ್ಯಾರು ಅಂದ್ರು. ಅವತ್ತಿಂದ ಆ ಪಂಪನ್ನ ನಾನು ನಿಧಾನವಾಗೇ ಒತ್ತೋದು. ಅಳಿಸಬೇಕಾದ್ರೆ ಹತ್ತರ ತನಕ ಎಣಿಸ್ತೀನಿ. ವಾರ್ಡಲ್ಲಿ ಯಾರನ್ನ ಬೇಕಾದ್ರೂ ಕೇಳಿ, ಆಮೆ ಅಂತ ಆಡಿಕೊಳ್ತಾರೆ ನನ್ನನ್ನ."

ತಕ್ಕಡಿಯಮ್ಮ ತಲೆ ಎತ್ತಿದರು. "ಪಂಪಿನ ದಾಖಲೇಲಿ ಮೂರು ಸೆಕೆಂಡ್ ಅಂತಿದೆ."

ಹುಡುಗಿ ಹಾಳೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಮೂರು ಸೆಕೆಂಡಲ್ಲಿ ಒತ್ತಿದ್ದು ಆಮೆ ಅಲ್ಲ. ಹಾಗಾದ್ರೆ ಯಾರದು ಆ ಕೈ? ಯಾರನ್ನ ಕಾಪಾಡ್ತಿದ್ದೀಯಾ ನೀನು?"

ಹೊರಗೆ ಮೊಗಸಾಲೆಯಲ್ಲಿ ಪಾಳಿ ಮುಗಿಸಿ ಬಂದವರ ಚಪ್ಪಲಿ ಸದ್ದು. ಅದು ದೂರವಾಗುವ ತನಕ ಹುಡುಗಿ ಸಮವಸ್ತ್ರದ ಕಾಲರನ್ನು ಬೆರಳಿನಿಂದ ತೀಡುತ್ತಿದ್ದಳು.

ತಕ್ಕಡಿಯಮ್ಮನಿಗೆ ಥಟ್ಟನೆ ತಮ್ಮ ಡೈರಿ ನೆನಪಾಯಿತು. ಮೊದಲ ದಿನವೇ ವಾರ್ಡಿಗೆ ಹೋಗಿ, ಅಭ್ಯಾಸಬಲದಿಂದ ಎಲ್ಲವನ್ನೂ ಅಳೆದು ಬರೆದುಕೊಂಡಿದ್ದರು. ಹಾಸಿಗೆಯ ಅಂಚಿನಿಂದ ಪಂಪಿಗೆ ಒಂದೂವರೆ ಅಡಿ. ಮಿಕ್ಕ ಹದಿನೇಳು ಹಾಸಿಗೆಗಳಲ್ಲಿ ಪಂಪಿನ ಮುಖ ಓಡಾಡುವ ದಾರಿಯ ಕಡೆಗೆ. ಮೂರನೆಯದರಲ್ಲಿ ಮಾತ್ರ ರೋಗಿಯ ಕಡೆಗೆ. ಗಡಿಬಿಡಿಯಲ್ಲಿ ಯಾರೋ ತಾಗಿಸಿರಬೇಕು ಎಂದು ಪಕ್ಕದಲ್ಲಿ ಬರೆದಿದ್ದರು.

"ಮೇಟ್ರನ್," ಎಂದರು, ತಮ್ಮ ಮಾತು ತಮಗೇ ನಂಬಿಕೆಯಾಗದಂತೆ. "ಅವರೇ ಒತ್ತಿದ್ರಾ?"

ಹುಡುಗಿಯ ಕಣ್ಣು ತುಂಬಿ ಬಂತು. ತಲೆಯಾಡಿಸಿದಳು.

"ಅವತ್ತು ನಾನು ನಿಧಾನವಾಗಿ ಒತ್ತೋದು ನೋಡಿ ನಕ್ಕುಬಿಟ್ರು ಅತ್ತೆ. ಇನ್ನೂ ಅದೇ ಭ್ರಮೇಲಿದ್ದೀಯಾ ಅಂದ್ರು. ಕೊಡಿಲ್ಲಿ, ನೀನು ಹೇಳಿದ ಹಾಗೇ ಒತ್ತಿ ತೋರಿಸ್ತೀನಿ, ಏನೂ ಆಗಲ್ಲ ಅಂದ್ರು. ಮೂವತ್ತು ವರ್ಷದ ಕೈ. ಎಷ್ಟು ಚುರುಕು ಗೊತ್ತಾ?"

"ನೀನೆಲ್ಲಿದ್ದೆ?"

"ಪಕ್ಕದಲ್ಲೇ ನಿಂತಿದ್ದೆ."

"ತಡೀಲಿಲ್ವಾ? ಪಂಪು ನಿಲ್ಲಿಸಲಿಲ್ವಾ?"

ಹುಡುಗಿ ಅತ್ತೆಯ ಮುಖವನ್ನು ನೋಡಿದಳು. ಚಿಕ್ಕಂದಿನಲ್ಲಿ ಗಾಜು ಒಡೆದು, ಬಚ್ಚಿಡದೆ ತಾನೇ ಬಂದು ಹೇಳುತ್ತಿದ್ದಾಗ ಇರುತ್ತಿದ್ದ ಮುಖವೇ ಈಗಲೂ ಅವಳದು.

"ಪಂಪಿನ ಮುಖ ಅವರ ಕಡೆ ತಿರುಗಿಸಿಕೊಟ್ಟವಳೇ ನಾನು, ಅತ್ತೆ."